ಬೆಳಕು ಬಲಗಡೆಯಿಂದ ಬಂದಾಗ

ಕನ್ನಡಕದಂಗಡಿಯ ಯಜಮಾನರಿಗೆ ಇಬ್ಬರು ಹೆಣ್ಣುಮಕ್ಕಳು. ದೇವರು ಸರಕು ಹಂಚುವಾಗ ತಕ್ಕಡಿ ಸರಿಯಾಗಿ ಹಿಡಿಯಲಿಲ್ಲ ಎಂಬುದು ಅವರ ತಕರಾರು. ಅಂಗಡಿಯಲ್ಲಿ ಕೂರುವ ಆಸೆ ದೊಡ್ಡವಳಿಗೆ, ಅದಕ್ಕೆ ಬೇಕಾದ ತಲೆ ಚಿಕ್ಕವಳಿಗೆ. ಕಣ್ಣು ಪರೀಕ್ಷಿಸುವ ಕೋರ್ಸಿಗೆ ಸೇರಬೇಕಾದರೆ ಭೌತಶಾಸ್ತ್ರ ಪಾಸಾಗಿರಬೇಕು. ದೊಡ್ಡವಳು ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೂರನೆಯದೇ ಕೊನೆ, ಆಮೇಲೆ ಬಾಗಿಲು ಬಂದ್.

ಅವಳು ದುಡಿದದ್ದೇನು ಕಡಿಮೆಯಲ್ಲ. ಪಾತ್ರೆ ತಿಕ್ಕುವಾಗಲೂ ಸೂತ್ರ, ಕೂದಲು ಬಾಚುವಾಗಲೂ ಸೂತ್ರ. ಚಿಕ್ಕವಳಿಗೆ ಪುಸ್ತಕ ಸಿಕ್ಕರೆ ದಿಂಬು. ಆದರೆ ಯಾವ ಮಸೂರವನ್ನಾದರೂ ಕಿಟಕಿಗೆ ಹಿಡಿದು ಅಲ್ಲಾಡಿಸಿ, ಆಚೆಯ ಕಂಬ ಯಾವ ಕಡೆ ಜಾರಿತೆಂದು ನೋಡಿ, ಅದು ಯಾರ ಕಣ್ಣಿಗೆ ತಕ್ಕದ್ದೆಂದು ಆಕಳಿಸುತ್ತಲೇ ಹೇಳಿಬಿಡುತ್ತಿದ್ದಳು.

"ಅಕ್ಕಂಗೂ ಹೇಳ್ಕೊಡೇ, ಮಹಾರಾಣಿ" ಎಂದರು ಯಜಮಾನರು.

"ಏನಂತ ಹೇಳ್ಕೊಡ್ಲಪ್ಪಾ? ನೋಡಿದ್ರೆ ಕಾಣ್ಸುತ್ತೆ, ಅಷ್ಟೇ."

"ನಂಗೆ ಕಾಣ್ಸಲ್ಲ ಕಣೇ. ಬಾಯಿಪಾಠ ಮಾಡಿದ್ರೆ ಮಾತ್ರ ತಲೇಲಿ ನಿಲ್ಲುತ್ತೆ" ಎಂದಳು ದೊಡ್ಡವಳು, ಸಿಟ್ಟಿಲ್ಲದೆ.

ಕೊನೆಗೆ ಯಜಮಾನರೇ ಮೇಷ್ಟ್ರಾದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಲಗ್ಗು ಇದ್ದದ್ದು ಎಡಗೋಡೆಗೆ. ಹಾಗಾಗಿ ಮೇಜಿನ ಎಡಕ್ಕೆ ದೀಪ, ನಡುವೆ ಮಸೂರ, ಬಲಕ್ಕೆ ಬಿಳಿ ರಟ್ಟು. ಪಠ್ಯಪುಸ್ತಕದ ಚಿತ್ರಗಳೂ ಹಾಗೆಯೇ. ವರ್ಷವಿಡೀ ತಿದ್ದಿ ತೀಡಿ, ದೊಡ್ಡವಳ ಕಿರಣಗಳು ಹೊಲಿಗೆ ಹಾಕಿದಷ್ಟು ನೇರವಾದವು. ಅಪ್ಪನಿಗೆ ಎದೆಯುಬ್ಬಿತು.

ಪರೀಕ್ಷೆ ಮುಗಿಸಿ ಅವಳು ಮುಖವರಳಿಸಿಕೊಂಡು ಬಂದಳು.

"ಎರಡು ಬೇರೆ ಬೇರೆ ಮಸೂರ ಇಟ್ಟಿದ್ದೇ ದೊಡ್ಡ ಪ್ರಶ್ನೆ, ಅಪ್ಪಾ! ಆದ್ರೆ ಅಚ್ಚು ಹಾಕಿದೋರು ಎಡವಟ್ಟು ಮಾಡಿದ್ರು. ದೀಪಾನ ಬಲಗಡೆ ಹಾಕ್ಬಿಟ್ಟಿದ್ರು. ನಾನು ಬಿಡ್ತೀನಾ? ತಿದ್ದಿ ಎಡಗಡೆ ಬರೆದು, ಕಿರಣ ಎಲ್ಲ ಎಳೆದೆ. ಉಳಿದ ಲೆಕ್ಕಾನೂ ಅದರ ಮೇಲೇನೇ ಮಾಡಿದೆ."

ಚಿಕ್ಕವಳು ಬಾಯಿ ತೆರೆದಳು. ಅಪ್ಪ ಕಣ್ಣಲ್ಲೇ ಗದರಿದರು. ಅದು ಅಚ್ಚಿನ ತಪ್ಪಲ್ಲ; ದೀಪದ ಕಡೆ ಬದಲಾದರೆ ಬೆಳಕು ಮೊದಲು ತಾಗುವ ಮಸೂರವೇ ಬೇರೆ, ಉತ್ತರವೂ ಬೇರೆ. ದೀಪವನ್ನು ಒಂದೇ ಒಂದು ದಿನ ಆಚೆ ತುದಿಗಿಟ್ಟಿದ್ದರೆ! ಒಂದು ಗಜ ಕರೆಂಟಿನ ವೈರಿಗೆ ತಾನು ಜಿಪುಣತನ ಮಾಡಿದೆನೆ? ವೈರು ಎಳೆಯಬಹುದಿತ್ತು, ಸರಿ. ಆದರೆ ನಾಳೆ ಪ್ರಶ್ನೆ ತೆಗೆಯುವವರು ದೀಪವನ್ನು ಮೇಲೆ ತೂಗುಹಾಕಿದರೆ? ಮಗಳ ತಲೆಯೊಳಗೆ ಯಾವ ಗೋಡೆಗೆ ಪ್ಲಗ್ಗು ಕೂರಿಸುವುದು?

"ರಿಸಲ್ಟ್ ಬರೋ ತನಕ ಸುಮ್ನೆ ಯಾಕೆ ಕೂರೋದು?" ಎಂದಳು ದೊಡ್ಡವಳು. "ಕೋರ್ಸಿನ ಪುಸ್ತಕ ತರ್ಸಿಕೊಡು. ಈಗಿಂದ್ಲೇ ಬಾಯಿಪಾಠ ಶುರು ಮಾಡ್ತೀನಿ."

ಯಜಮಾನರು ಚಿಕ್ಕವಳನ್ನು ನೋಡಿದರು. ಅವಳು ಮುಖ ತಿರುಗಿಸಿದಳು.

"ತರ್ಸೋಣ ಬಿಡು" ಎಂದರು.