ಮೆಂತ್ಯದ ಡಬ್ಬಿಯೊಳಗಿನ ಮಾತ್ರೆ

ಗಿರಿಜಾ, ನಾನು ನಿನಗೆ ಸುಳ್ಳು ಹೇಳಿದ್ದೆ. ನನ್ನ ಮೈಯುರಿ ಇಳಿದದ್ದು ತಂಗಳನ್ನದ ನೀರಿನಿಂದಲ್ಲ — ಮಾತ್ರೆಯಿಂದ. ಆ ಮಾತ್ರೆಗಳನ್ನು ನಮ್ಮ ಅಡುಗೆಮನೆಯ ಮೆಂತ್ಯದ ಡಬ್ಬಿಯಲ್ಲಿ, ಕಾಳಿನ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಎದುರುಮನೆಯವಳು ನೀನು, ಎಷ್ಟೋ ಸಲ ದೋಸೆಗೆಂದು ಮೆಂತ್ಯ ಕೇಳಿಕೊಂಡು ಬಂದಿದ್ದೀಯ. ಚಮಚದಲ್ಲಿ ಮೇಲಿನ ಕಾಳನ್ನಷ್ಟೇ ತೆಗೆದುಕೊಟ್ಟೆನೇ ಹೊರತು ಡಬ್ಬಿಯನ್ನು ಒಮ್ಮೆಯೂ ನಿನ್ನ ಕೈಗೆ ಕೊಡಲಿಲ್ಲ.

ಆ ಕಾಲವನ್ನು ನೆನೆದರೆ ಅರೆನಿದ್ದೆಯಲ್ಲಿ ಕಂಡದ್ದರ ಹಾಗಿದೆ. ನನಗೆ ಮುಟ್ಟು ನಿಂತ ಮೊದಲ ವರ್ಷ. ಶಾಲೆಯಲ್ಲಿ ವಿಜ್ಞಾನದ ಪಾಠ ಮಾಡುತ್ತ ನಿಂತವಳಿಗೆ ಎದೆಯಿಂದ ಬಿಸಿ ಏಳುತ್ತಿತ್ತು, ಕತ್ತು, ಕಿವಿ ಎಲ್ಲ ಕೆಂಡ. ಬೋರ್ಡಿನ ಅಕ್ಷರಗಳು ಎಲ್ಲಿಗೋ ತೇಲಿಹೋಗುತ್ತಿದ್ದವು. ದಿನವೂ ನೋಡುವ ಮಕ್ಕಳ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ಯಾರಿಗೂ ಹೇಳದೆ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಸವಳಂಗ ರಸ್ತೆಯ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಪರೀಕ್ಷೆ ಮಾಡಿ ಹಾರ್ಮೋನಿನ ಮಾತ್ರೆ ಬರೆದುಕೊಟ್ಟರು. ಬಾಗಿಲ ತನಕ ಹೋದವಳನ್ನು ಮತ್ತೆ ಕರೆದು ಹೇಳಿದರು: "ನೋಡಿ ಟೀಚರ್, ಮುಟ್ಟು ನಿಂತ್ಮೇಲೆ ಒಂದ್ ಹನಿ ರಕ್ತ ಕಾಣಿಸ್ಕೊಂಡ್ರೂ ಸುಮ್ನೆ ಕೂರ್ಬೇಡಿ. ತಕ್ಷಣ ಬನ್ನಿ."

ಇದನ್ನು ನೆನಪಿಟ್ಟುಕೋ ಗಿರಿಜಾ. ಇದು ನನಗೆ ಗೊತ್ತಿತ್ತು.

ಆ ವರ್ಷದ ಕೊನೆಗೆ ಕೆಲಸ ಬಿಟ್ಟೆ. ಮಾತ್ರೆಯಿಂದ ಮೈ ಹಗುರಾಗಿತ್ತು, ಆದರೆ ದಿನಗಳು ಖಾಲಿ. ನನ್ನ ಮಾತಿಗೆ ಕಿವಿಗೊಡುವವರು ಯಾರೂ ಇರಲಿಲ್ಲ. ಆಗಲೇ ಶಿವಮೊಗ್ಗದಲ್ಲಿ ಹೆಂಗಸರಿಗೆಂದು ಇಟ್ಟಿದ್ದ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ನಮ್ಮ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಒಂದು ಊರೇ ಇದೆ ಎಂದರು ಆ ಉಪನ್ಯಾಸಕಿ. ಈಸ್ಟ್ರೋಜೆನ್ ಎಂಬ ಹೆಣ್ಣಿನ ಹಾರ್ಮೋನು ಸಾಕೆಂದು ಲಿವರ್ ಅದನ್ನು ಕಟ್ಟಿ ಕರುಳಿಗೆ ಸಾಗಿಸಿದರೆ, ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಆ ಗಂಟು ಬಿಚ್ಚಿ ಮತ್ತೆ ರಕ್ತಕ್ಕೆ ಸೇರುವಂತೆ ಮಾಡುತ್ತವಂತೆ. ಮುಟ್ಟು ನಿಲ್ಲುವ ಹೊತ್ತಿಗೆ ಆ ಊರೂ ಬದಲಾಗುತ್ತದಂತೆ. ಸ್ತನದ, ಗರ್ಭಕೋಶದ ಕೆಲವು ಕಾಯಿಲೆಗಳಿಗೂ ಇದಕ್ಕೂ ನಂಟಿದೆಯೇ ಎಂದು ಹುಡುಕುತ್ತಿದ್ದಾರಂತೆ.

ವಾಪಸು ಬರುವಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮಾಚೇನಹಳ್ಳಿಯ ಕಾರ್ಖಾನೆ ಶೆಡ್ಡುಗಳು ಸಂಜೆಬಿಸಿಲಿನಲ್ಲಿ ಮಿಣುಗುತ್ತ ಹಿಂದೆ ಸರಿದವು. ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದೆ. ಒಳಗೆ ಕಣ್ಣಿಗೆ ಕಾಣದ ಕೋಟಿ ಜೀವಗಳು, ನನ್ನನ್ನು ಕೇಳದೆಯೇ ನನ್ನ ಕೆಲಸ ಮಾಡುತ್ತಿವೆ — ಎಷ್ಟು ಚೆಂದ ಅನಿಸಿತು! ಆ ಉಪನ್ಯಾಸಕಿ ಕೊನೆಗೊಂದು ಮಾತು ಹೇಳಿದ್ದರು: "ಇದಿನ್ನೂ ಸಂಶೋಧನೆ ಹಂತದಲ್ಲಿದೆ. ಇಂಥದ್ದು ತಿಂದ್ರೆ ಇಂಥ ಕಾಯಿಲೆ ವಾಸಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ." ಆ ಮಾತನ್ನು ನಾನು ಬಸ್ಸಿನಲ್ಲೇ ಬಿಟ್ಟು ಇಳಿದೆ.

ಮರುವಾರದಿಂದ ನಮ್ಮ ಜಗಲಿಯಲ್ಲಿ ಪಾಠ ಶುರುವಾಯಿತು. ಬೆಳಗಿನ ಎಳೆಬಿಸಿಲು, ಗಾಜಿನ ಜಾಡಿಯಲ್ಲಿ ತಂಗಳನ್ನದ ತಿಳಿನೀರು, ಅದಕ್ಕೆ ಮಜ್ಜಿಗೆ, ಹೆಚ್ಚಿದ ಈರುಳ್ಳಿ. ಬೀದಿಯ ಹೆಂಗಸರೆಲ್ಲ ಲೋಟ ಹಿಡಿದು ಕೂರುತ್ತಿದ್ದಿರಿ. ಹುಳಿತ ಈ ನೀರು ಆ ಬ್ಯಾಕ್ಟೀರಿಯಾಗಳನ್ನು ಸರಿಪಡಿಸಿ ಮೈಯುರಿ ಇಳಿಸುತ್ತದೆ ಎಂದು ನಾನು ಒಳಗಿನ ಊರಿನ ಕತೆ ಹೇಳುತ್ತಿದ್ದೆ. ಟೀಚರಿಗೆ ಮತ್ತೆ ಕ್ಲಾಸು ಸಿಕ್ಕಿತ್ತು — ಒಳಗೊಳಗೇ ಬೀಗುತ್ತಿದ್ದೆ. ಒಂದು ದಿನ ನೀನು ನನ್ನ ಮುಖವನ್ನೇ ನೋಡಿ ಕೇಳಿದೆ:

"ಅಲ್ಲ ಕಣೇ ಟೀಚರಮ್ಮ, ನಿಂಗೆ ಎಷ್ಟು ಬೇಗ ವಾಸಿ ಆಯ್ತು ಮಾರಾಯ್ತಿ! ಬೇರೆ ಏನಾದ್ರೂ ತಗೊಳ್ತಿದೀಯಾ?"

"ಏನೂ ಇಲ್ಲ ಕಣೇ. ಬರೀ ಇದೇ."

ಅಷ್ಟು ಸಲೀಸಾಗಿ ಬಂತು ಆ ಮಾತು.

ಇಲ್ಲಿಗೇ ನಿಂತಿದ್ದರೆ... ಆದರೆ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಎಲ್ಲರೂ ಎದ್ದುಹೋದ ಮೇಲೆ ನೀನೊಬ್ಬಳೇ ಉಳಿದೆ. ಸೆರಗಿನ ತುದಿ ಸುತ್ತುತ್ತ, ದನಿ ತಗ್ಗಿಸಿ, "ಮುಟ್ಟು ನಿಂತು ಎರಡ್ ವರ್ಷ ಆಗಿತ್ತು ಕಣೇ. ಈಗ ಮತ್ತೆ ಸ್ವಲ್ಪ ಸ್ವಲ್ಪ ಕಾಣಿಸ್ಕೊಳ್ತಿದೆ. ಡಾಕ್ಟ್ರಿಗೆ ತೋರಿಸ್ಲಾ?" ಎಂದು ನೀನು ಕೇಳಿದೆ.

ಡಾಕ್ಟರಮ್ಮ ಬಾಗಿಲಲ್ಲಿ ಕರೆದು ಹೇಳಿದ ಆ ದನಿ ಕಿವಿಯಲ್ಲೇ ಇತ್ತು. ಆದರೆ ನಿನ್ನನ್ನು ಕರೆದೊಯ್ದರೆ ಅವರು ನನ್ನನ್ನು ಗುರುತು ಹಿಡಿಯುತ್ತಾರೆ, ಮಾತ್ರೆ ಸರಿಹೋಗುತ್ತಿದೆಯೇ ಎಂದು ನಿನ್ನೆದುರೇ ಕೇಳುತ್ತಾರೆ — ನನಗೆ ಹೊಳೆದದ್ದು ಅಷ್ಟೇ, ಗಿರಿಜಾ. ನಿನ್ನ ಜೀವವಲ್ಲ, ನನ್ನ ಜಗಲಿ. ಬೇರೆ ಡಾಕ್ಟರಿದ್ದರು. ಅದೂ ಹೊಳೆಯಲಿಲ್ಲ, ಅಥವಾ ಹೊಳೆಯಗೊಡಲಿಲ್ಲ.

"ಒಳಗೆ ಎಲ್ಲಾ ಸರಿ ಹೋಗ್ತಿದೆ, ಅದಕ್ಕೇ ಹಾಗೆ. ಇನ್ನೊಂದ್ ಲೋಟ ಕುಡಿ," ಎಂದೆ ನಾನು.

ನೀನು ಕುಡಿದೆ. ಎಂಟು ತಿಂಗಳು ಕುಡಿದೆ. ಕೊನೆಗೆ ನೀನು ಹೋಗುತ್ತಿದ್ದ ಮಾಚೇನಹಳ್ಳಿಯ ಪ್ಯಾಕಿಂಗ್ ಕೆಲಸದಲ್ಲಿ ನಿಂತಲ್ಲೇ ಕುಸಿದಾಗ ಜೊತೆಯವರು ಆಸ್ಪತ್ರೆಗೆ ಸೇರಿಸಿದರು. ಗರ್ಭಕೋಶದ ಕ್ಯಾನ್ಸರ್, ಆಗಲೇ ಹೊರಗೂ ಹಬ್ಬಿತ್ತು. ಆಪರೇಷನ್ ಆಯಿತು, ರೇಡಿಯೇಷನ್ನಿನ ಕರೆಂಟ್ ಕೊಟ್ಟರು, ಕೂದಲು ಉದುರುವ ಔಷಧಿಯೂ ಆಯಿತು. ಮೊದಲೇ ಬಂದಿದ್ದರೆ ಆಪರೇಷನ್ನಿನಲ್ಲೇ ಮುಗಿಯುತ್ತಿತ್ತೇನೋ ಎಂದು ಅಲ್ಲಿನ ಡಾಕ್ಟರು ಹೇಳಿದಾಗ ನಿನ್ನ ಪಕ್ಕದಲ್ಲಿ ನಿಂತು ಕೈ ಹಿಡಿದಿದ್ದವಳು ನಾನೇ. ಈ ಮೂರು ವರ್ಷದಿಂದ ನೀನು ಬೇರೆಯವರ ಮುಂದೆ ನನ್ನನ್ನು ಹೊಗಳುತ್ತೀಯ: ಟೀಚರಮ್ಮನ ನೀರು ಕುಡಿದಿದ್ದಕ್ಕೆ ಇಷ್ಟಾದರೂ ತಡೆದುಕೊಂಡೆ ಎಂದು. ನಾನು ತಲೆ ತಗ್ಗಿಸುತ್ತೇನೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ.

ಆಗಾಗ ಒಂದು ಕನಸು ಬೀಳುತ್ತದೆ. ಜಾಡಿಯ ನೀರು ಜಗಲಿ ದಾಟಿ, ಬೀದಿ ದಾಟಿ, ತಣ್ಣಗೆ, ಸದ್ದಿಲ್ಲದೆ ನಿನ್ನ ಹೊಸಿಲಿಗೆ ಏರುತ್ತಿರುತ್ತದೆ. ನೀನು ನಗುತ್ತ ಲೋಟ ಅದ್ದುತ್ತೀಯ. ನಾನು ಬೇಡವೆಂದು ಕೂಗುತ್ತೇನೆ, ನನ್ನ ಬಾಯಿ ತುಂಬ ಮೆಂತ್ಯ.

ಇದನ್ನು ಹೀಗೇ ಹೊತ್ತುಕೊಂಡು ಹೋಗಿಬಿಡುತ್ತಿದ್ದೆನೋ ಏನೋ — ನಿನ್ನೆ ನೀನು ಬರದಿದ್ದರೆ. "ನಮ್ ಲತಾಗೂ ಹಾಗೇ ಆಗ್ತಿದೆಯಂತೆ ಕಣೇ, ಎರಡ್ ತಿಂಗಳಿಂದ. ಮುಟ್ಟು ನಿಂತು ಆಗ್ಲೇ ವರ್ಷ ಮೇಲಾಯ್ತು. ನಾಳೆ ಬೆಳಿಗ್ಗೆ ನಿನ್ ಹತ್ರ ಕಳಿಸ್ತೀನಿ, ಆ ನೀರು ಕೊಡು," ಎಂದು ನಿನ್ನ ತಂಗಿಯನ್ನು ನನ್ನ ಕೈಗೆ ಒಪ್ಪಿಸಿ ಹೋದೆ. ಆಗಲೂ ನನ್ನ ನಾಲಿಗೆ ಏಳಲಿಲ್ಲ. ಅದಕ್ಕೇ ಬರೆದಿದ್ದೇನೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಮಾತು ಕೇಳುವ ಯೋಗ್ಯತೆ ನನಗಿಲ್ಲ. ಈ ಕಾಗದದ ಜೊತೆ ಮೆಂತ್ಯದ ಡಬ್ಬಿಯನ್ನೂ ನಿನ್ನ ಕೈಗೆ ಕೊಡುತ್ತೇನೆ, ತೆಗೆದು ನೋಡು, ಮಾತ್ರೆ ಈಗಲೂ ಕಾಳಿನ ಅಡಿಯಲ್ಲೇ ಇದೆ. ಸವಳಂಗ ರಸ್ತೆಯ ಡಾಕ್ಟರಮ್ಮನ ಹತ್ತಿರ ಲತಾಳ ಹೆಸರು ಬರೆಸಿದ್ದೇನೆ, ಇವತ್ತು ಹತ್ತೂವರೆಗೆ. ನಾನು ಜೊತೆಗೆ ಬರುವುದು ಬೇಡವಾದರೆ ನೀನೇ ಕರೆದುಕೊಂಡು ಹೋಗು. ಇನ್ನು ನನ್ನ ಮುಖ ನೋಡುವುದೋ ಬೇಡವೋ ಆಮೇಲೆ ತೀರ್ಮಾನಿಸುವೆಯಂತೆ. ಮೊದಲು ಲತಾ ಬಸ್ಸು ಹತ್ತಲಿ.