ಕೋಲಿನ ತುದಿಯ ಗಂಜಿ

ಬಿಣಗಾದಲ್ಲಿ ಯಾರ ಮನೆಯ ಮದುವೆಯಾಗಲಿ, ಪೂಜೆಯಾಗಲಿ, ಬಡಿಸುವುದಕ್ಕೆ ದೇವಿದಾಸನೇ ಬೇಕು. ಫ್ಯಾಕ್ಟರಿಯ ಶಿಫ್ಟು ಬದಲಾಯಿಸಿಕೊಂಡಾದರೂ ಬಂದು ಸೊಂಟಕ್ಕೆ ಪಂಚೆ ಬಿಗಿಯುತ್ತಾನೆ. ಎಲೆಯ ಮುಂದೆ ಬಗ್ಗಿ, ಉಣ್ಣುವವರ ಮುಖ ನೋಡಿ, ಇನ್ನೊಂದು ಸೌಟು ಹಾಕಲೇ ಎಂದು ಕೇಳದೆ ಮುಂದೆ ಹೋಗುವ ಆಸಾಮಿ ಅಲ್ಲ. ಅಂಥವನ ಕೈಗೆ ಹೆಂಡತಿ ಮಂದಾಕಿನಿ ಆ ವರ್ಷ ಒಂದು ಉದ್ದನೆಯ ಬಿದಿರುಕೋಲು ಕೊಟ್ಟಳು. ಅದರ ತುದಿಗೆ ಲೋಟ ಸಿಕ್ಕಿಸಲು ತಂತಿಯ ಬಳೆ ಕಟ್ಟಿತ್ತು.

ಮಂದಾಕಿನಿ ಅಂಕೋಲೆಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಬೇಲೇಕೇರಿಯಿಂದ ಗಂಗಾವಳಿಯ ಅಳಿವೆಯವರೆಗೆ ಸಮುದ್ರದಲ್ಲಿ ಈಜುತ್ತೇನೆಂದು ಹಟ ಹಿಡಿದಿದ್ದಳು. ಈಜು ಡಿಸೆಂಬರಿನಲ್ಲಿ, ಅದಕ್ಕೆ ಮೊದಲು ಒಂದು ಪರೀಕ್ಷೆಯ ಈಜು ಪಾಸಾಗಬೇಕು, ಸಿಗುವುದು ಎರಡೇ ಅವಕಾಶ. ಈಜುವವರು ಜೊತೆಗೆ ಬರುವ ದೋಣಿಯನ್ನಾಗಲಿ, ದೋಣಿಯಲ್ಲಿದ್ದವರನ್ನಾಗಲಿ ಮುಟ್ಟಿದರೆ ಅಲ್ಲಿಗೇ ಮುಗಿಯಿತು. ಗಂಜಿ ಕೊಡುವುದಿದ್ದರೂ ಕೋಲಿನಲ್ಲೇ ಕೊಡಬೇಕು, ಆ ಕೆಲಸ ದೇವಿದಾಸನದು. ಮಳೆಗಾಲ ಪೂರ್ತಿ ಕಡಲಿಗೆ ಇಳಿಯಲಾಗದೆ ಅವಳು ಜಗಲಿಯಲ್ಲಿ ಶತಪಥ ಹಾಕಿದಳು. ಈಜು ಬಾರದ ದೇವಿದಾಸ ಅವಳ ಹಿಂದೆಯೇ ಮನಸ್ಸಿನಲ್ಲಿ ಶತಪಥ ಹಾಕಿದ.

ಅವನಿಗೆ ಕೋಲು ಕಂಡರೇ ಆಗುತ್ತಿರಲಿಲ್ಲ. ಹಸಿದವರಿಗೆ ದೂರ ನಿಂತು ತಿನ್ನುವುದನ್ನು ನೂಕುವುದು ಅವರ ಮನೆಯಲ್ಲಿ ಅವಮಾನ. ನಾವು ಕಟ್ಟಿದ ನಾಯಿಗೂ ಹಾಗೆ ಹಾಕಿದವರಲ್ಲ ಎಂದು ಗೊಣಗಿದ.

ಕೇಣಿಯ ಕಡಲಲ್ಲಿ ಮೊದಲ ಪರೀಕ್ಷೆ ನಡೆಯಿತು. ನಿಯಮ ನೋಡಲು ರೋಷನ ಎಂಬ ತರುಣ ದೋಣಿಯಲ್ಲಿದ್ದ. ಅರ್ಧ ದಾರಿಯಲ್ಲಿ ಮಂದಾಕಿನಿ ಗಂಜಿಗೆಂದು ಹತ್ತಿರ ಬಂದಳು. ತುಟಿ ನೀಲಿಯಾಗಿತ್ತು, ತಂತಿಯ ಬಳೆಯಲ್ಲಿ ಲೋಟ ವಾಲುತ್ತಿತ್ತು. ದೇವಿದಾಸನಿಗೆ ತಡೆಯಲಾಗಲಿಲ್ಲ. ಕೋಲು ಬಿಸಾಡಿ, ಪಂಕ್ತಿಯಲ್ಲಿ ಬಗ್ಗುವ ಹಾಗೆಯೇ ಬಗ್ಗಿ, ಲೋಟವನ್ನು ಅವಳ ಕೈಗೇ ಇಟ್ಟ. ಬೆರಳಿಗೆ ಬೆರಳು ತಗುಲಿತು. ರೋಷನ ಸೀಟಿ ಊದಿದ.

ಉಳಿದದ್ದು ಇನ್ನೊಂದೇ ಪರೀಕ್ಷೆ. ಅವಳ ಭುಜ ಮುಂದಿನ ವರ್ಷದವರೆಗೆ ತಾಳುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈ ಸಲ ದೋಣಿಗೆ ಹಳೆಯ ವಿದ್ಯಾರ್ಥಿನಿ ದೀಕ್ಷಾ ಬರಲಿ ಎಂದಳು. ದೇವಿದಾಸ ಒಪ್ಪಲಿಲ್ಲ. ನೀನು ನೀರಲ್ಲಿರುವಾಗ ನಾನು ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಅಂಗಲಾಚಿದ. ಕಡೆಗೆ ಅವಳೇ ಸೋತಳು. ಅವನು ಅಂಗಳದಲ್ಲಿ ನಿಂತು ಅವಳಿಗೆ ಚಹವನ್ನೂ ಕೋಲಿನಲ್ಲೇ ಕೊಟ್ಟು ರೂಢಿ ಮಾಡಿಕೊಂಡ. ಆಚೀಚೆ ಮನೆಯವರು ಬಿದ್ದು ಬಿದ್ದು ನಕ್ಕರು. ಅವನಿಗೆ ಮಾತ್ರ ನಗು ಬರಲಿಲ್ಲ. ಆ ದಿನಗಳಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಪಾಯಸ ಬಡಿಸಿದ ಎಲೆಗೇ ಸಾರು ಸುರಿದು ಬೈಸಿಕೊಂಡ.

ಎರಡನೆಯ ಪರೀಕ್ಷೆಯ ದಿನ ಗಾಳಿ ಎದ್ದಿತು. ದಡ ಕಾಣುವ ಹೊತ್ತಿಗೆ ಅಂಬಲಿಮೀನು, ಅದೇ ಲೋಳೆಲೋಳೆಯ ಜೆಲ್ಲಿಫಿಶ್, ಮಂದಾಕಿನಿಯ ತೋಳಿಗೆ ಸುಟ್ಟಂತೆ ಕುಟುಕಿತು. ಅವಳು ದೋಣಿಯ ಬದಿಗೆ ಬಂದು ತಾನಾಗಿಯೇ ಕೈ ಚಾಚಿದಳು.

"ಸಾಕಾತು. ಕೈ ಕೊಡಿ. ನಂಗ್ ಆಗೂದಿಲ್ಲ."

ದೇವಿದಾಸನ ಕೈ ಮುಂದೆ ಹೋಗಿಯೇಬಿಟ್ಟಿತ್ತು. ರೋಷನ ಅವಳ ಉಸಿರು, ಕಣ್ಣು ನೋಡಿ, ಅಪಾಯವೇನಿಲ್ಲ, ನಿಲ್ಲಿಸುವುದು ಬಿಡುವುದು ಅವರಿಗೆ ಸೇರಿದ್ದು ಎಂದ. ಜಗಲಿಯಲ್ಲಿ ಸುತ್ತು ಹಾಕುತ್ತಿದ್ದ ಹೆಂಗಸು ಇವತ್ತು ದೋಣಿ ಹತ್ತಿಬಿಟ್ಟರೆ ಆ ಶತಪಥವನ್ನು ಮತ್ತೆಂದೂ ನಿಲ್ಲಿಸಲಾರಳು ಎಂದು ದೇವಿದಾಸನಿಗೆ ಅನಿಸಿತು. ಅವನು ಕೈಯನ್ನು ಹಿಂದೆಳೆದುಕೊಂಡ. ಕೋಲು ಚಾಚಿದ.

"ಮೊದ್ಲು ಗಂಜಿ ಕುಡಿ. ಆಮೇಲೂ ಬೇಡಾಂದ್ರೆ ನಾನೇ ಎಳ್ಕಳ್ತೆ."

ಮಂದಾಕಿನಿ ಗಂಡನನ್ನು ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಕುಡಿದಳು, ಲೋಟವನ್ನು ದೋಣಿಯೊಳಕ್ಕೆ ಎಸೆದಳು, ಮುಖ ತಿರುಗಿಸಿ ಕೈ ಬೀಸತೊಡಗಿದಳು. ದೇವಿದಾಸ ಕೋಲು ಹಿಡಿದುಕೊಂಡೇ ಅತ್ತ. ರೋಷನ ಬೇರೆ ಕಡೆ ನೋಡಿದ.

ದಡದಲ್ಲಿ ರೋಷನ ಪಾಸು ಎಂದು ಹೇಳಿ ಹೋದ ಮೇಲೆ ಇಬ್ಬರೂ ಮರಳಿನಲ್ಲಿ ಕೂತರು. ಅವಳ ತೋಳು ಕೆಂಪಾಗಿ ಊದಿತ್ತು.

"ಡಿಸೆಂಬರ್‌ಗೂ ನೀವೇ ಬರೂಕೆ ಬೇಕು," ಎಂದಳು. "ಬೇರೆ ಯಾರಾದ್ರೂ ಆಗಿದ್ರೆ ಕೈ ಕೊಡ್ತಿದ್ರು."

ದೇವಿದಾಸ ಹೂಂ ಎಂದ. ಪಕ್ಕದಲ್ಲಿದ್ದ ಕೋಲನ್ನೆತ್ತಿಕೊಂಡು, ತುದಿಯ ತಂತಿಯ ಬಳೆಯನ್ನು ಆಗಲೇ ಬಿಗಿಮಾಡತೊಡಗಿದ.