ಟಾಸ್‌ನಲ್ಲಿ ಮುಗಿದ ಸೆಮಿಫೈನಲ್

ಅದು ೧೯೭೦ರ ಏಪ್ರಿಲ್. ನಾವು ಡೆಟ್ರಾಯ್ಟಿಗೆ ಬಂದು ಒಂಬತ್ತು ತಿಂಗಳಾಗಿತ್ತು. ನನ್ನ ಪತಿ ರಂಗನಾಥ, ಕಾರಿನ ಬಾಗಿಲು ಮತ್ತು ಛಾವಣಿಗಳನ್ನು ಭಾರಿ ಪ್ರೆಸ್‌ಗಳಲ್ಲಿ ಒತ್ತಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕಿರಿಯ ಇಂಜಿನಿಯರ್ ಆಗಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಪದವೀಧರೆಯೊಬ್ಬಳನ್ನು ಹೆಂಡತಿ ಎಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಕೂರಿಸುವ ಆ ಕಾನೂನನ್ನು ನಾನು ಅಂದೂ ತಪ್ಪೆಂದೆ, ಇಂದೂ ತಪ್ಪೆನ್ನುತ್ತೇನೆ. ಮೈಸೂರಿನಲ್ಲಿ ನಾನು ಓದಿದ ಶಾಲೆಯಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ. ಹುಡುಗಿಯರೂ ಫುಟ್‌ಬಾಲ್ ಆಡುತ್ತಿದ್ದೆವು. ತಪ್ಪು ಕಂಡರೆ ಅದನ್ನು ಹೆಸರಿಟ್ಟು ಹೇಳಬೇಕೆಂದು ಅಲ್ಲಿ ಕಲಿಸಿದ್ದರು.

ನಮ್ಮ ಮನೆಯಿದ್ದದ್ದು ಪೋಲೆಂಡಿನಿಂದ ಬಂದವರ ಬೀದಿಯಲ್ಲಿ. ಕೆಳಗಿನ ಅಂತಸ್ತಿನಲ್ಲಿ ಮನೆಯ ಯಜಮಾನರಾದ ಸ್ಟಾನ್ಲಿ ಒಬ್ಬರೇ ಇದ್ದರು. ಯೌವನದಲ್ಲಿ ಪೋಲೆಂಡಿನ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ನಮಗೆ ಸಂತೋಷದಿಂದ ಮನೆ ಕೊಟ್ಟ ಆ ಬೀದಿಯಲ್ಲಿ ಕಪ್ಪು ಜನರಿಗೆ ಯಾರೂ ಮನೆ ಕೊಡುತ್ತಿರಲಿಲ್ಲ. ಕಾರಣ ಕೇಳಿದಾಗ ಬೀದಿಯವರು ಒಪ್ಪುವುದಿಲ್ಲ ಎಂದರು ಸ್ಟಾನ್ಲಿ. ನೀವೂ ಬೀದಿಯವರೇ ಅಲ್ಲವೇ ಎಂದೆ. ಆದರೂ ನಾನು ಆ ಮನೆಯನ್ನು ಬಿಡಲಿಲ್ಲ.

ಸ್ಟಾನ್ಲಿಯವರನ್ನೂ ನನ್ನನ್ನೂ ಹತ್ತಿರ ತಂದದ್ದು ಫುಟ್‌ಬಾಲ್. ಯುರೋಪಿನ ಒಂದೊಂದು ದೇಶದಲ್ಲಿ ಕಪ್ ಗೆದ್ದ ತಂಡಗಳೆಲ್ಲ ಸೇರಿ ಆಡುವ ಒಂದು ಪಂದ್ಯಾವಳಿ ನಡೆಯುತ್ತಿತ್ತು. ಸೋತ ತಂಡ ಅಲ್ಲಿಗೇ ಹೊರಗೆ. ಆ ವರ್ಷ ಸ್ಟಾನ್ಲಿಯವರ ಊರಿನ ಗಣಿ ಕಾರ್ಮಿಕರ ತಂಡ ಗ್ರೀಸ್, ಸ್ಕಾಟ್ಲೆಂಡ್ ಮತ್ತು ಬಲ್ಗೇರಿಯಾದ ತಂಡಗಳನ್ನು ದಾಟಿ ಸೆಮಿಫೈನಲ್ ತಲುಪಿತ್ತು. ಅಲ್ಲಿನ ರಾತ್ರಿಯ ಆಟ ನಮಗೆ ಮಧ್ಯಾಹ್ನದ ಹೊತ್ತಿಗೆ ಅವರ ಮನೆಯ ಶಾರ್ಟ್‌ವೇವ್ ರೇಡಿಯೋದಲ್ಲಿ ಕೇಳುತ್ತಿತ್ತು. ಅವರು ಪೋಲಿಷ್ ವೀಕ್ಷಕ ವಿವರಣೆಯನ್ನು ತುಂಡು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು, ನಾನು ಮೈದಾನವನ್ನು ಕಲ್ಪಿಸಿಕೊಳ್ಳುತ್ತಿದ್ದೆ. ರೋಮಿನ ತಂಡದೊಡನೆ ಎರಡು ಸಲ ಆಡಿ ಎರಡೂ ಸಮವಾಗಿದ್ದವು. ಮೂರನೆಯ ಪಂದ್ಯವನ್ನು ಫ್ರಾನ್ಸಿನಲ್ಲಿ ಇಟ್ಟಿದ್ದರು.

ಆ ದಿನ ಬೆಳಿಗ್ಗೆ ರಂಗನಾಥ ತಿಂಡಿ ತಿನ್ನುತ್ತ, ಬರುವುದು ತಡವಾಗುತ್ತದೆಂದರು.

"ಶಿಫ್ಟ್ ಮುಗಿದ್ಮೇಲೆ ದೊಡ್ಡ ಪ್ರೆಸ್ ಒಳಗೆ ಒಬ್ರು ಹೋಗಿ ಮೆಷರ್ ಮಾಡ್ಬೇಕು. ನಾನಾ ಇನ್ನೊಬ್ನಾ ಅಂತ ಫೋರ್‌ಮನ್ ಟಾಸ್ ಹಾಕ್ತಾನಂತೆ."

ಮೇಲಿನ ಉಕ್ಕಿನ ಭಾಗ ಜಾರಿ ಬೀಳದಂತೆ ಕೆಳಗೆ ಆಧಾರದ ಕಂಬ ನಿಲ್ಲಿಸುವುದಿಲ್ಲವೇ ಎಂದು ಕೇಳಿದೆ.

"ಅದನ್ನ ಇಡೋಕೆ ಅರ್ಧ ಗಂಟೆ ಬೇಕು ಕಣೇ. ಯಾರೂ ಇಡಲ್ಲ."

ಅದು ಅಪರಾಧ, ನೀವು ಒಪ್ಪಬಾರದು ಎಂದೆ. ಅವರು ನಕ್ಕರು. "ನೀನೇ ಬಂದು ಗೇಟಿನ ಮುಂದೆ ಒಂದು ಭಾಷಣ ಮಾಡು. ನನ್ನ ಕೆಲಸಾನೂ ಹೋಗತ್ತೆ, ವೀಸಾನೂ ಹೋಗತ್ತೆ" ಎಂದು ಡಬ್ಬಿ ಹಿಡಿದು ಹೊರಟರು.

ಅಂದು ಹೊರಗೆ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನ ಹಿತವಾದ ಬಿಸಿಲು. ಸ್ಟಾನ್ಲಿ ಆ ವರ್ಷ ಮೊದಲ ಸಲ ನೆಲಮಾಳಿಗೆಯ ಬಾಯ್ಲರನ್ನು ಬೆಳಿಗ್ಗೆಯೇ ಆರಿಸಿದ್ದರು. ಚಳಿಗಾಲವಿಡೀ ಟಕ್ ಟಕ್ ಎನ್ನುತ್ತ ಕೋಣೆಗಳನ್ನು ಬೆಚ್ಚಗಿಡುತ್ತಿದ್ದ ಹಬೆಯ ಕೊಳವೆಗಳು ಸುಮ್ಮನಾಗಿ, ಮನೆಯಲ್ಲಿ ತಿಂಗಳುಗಳಿಂದ ಇಲ್ಲದ ಮೌನವಿತ್ತು. ಕಿಟಕಿಯಾಚೆ ಬೀದಿಯೂ ಖಾಲಿ; ಎಲ್ಲ ಮನೆಗಳಲ್ಲಿಯೂ ಜನ ರೇಡಿಯೋ ಮುಂದೆ ಕೂತಿದ್ದರೆಂದು ತೋರುತ್ತದೆ.

ಆಟ ಒಂದು ಒಂದರಲ್ಲಿ ನಿಂತಿತು. ಹೆಚ್ಚುವರಿ ಅರ್ಧ ಗಂಟೆಯೂ ಮುಗಿಯಿತು. ಸ್ಟಾನ್ಲಿ ಕುರ್ಚಿಯಿಂದ ಎದ್ದು ನಿಂತರು. ಈಗ ನಾಣ್ಯ ಚಿಮ್ಮುತ್ತಾರಂತೆ ಎಂದರು. ಮೂರು ಪಂದ್ಯಗಳ ಬೆವರನ್ನು ಒಂದು ನಾಣ್ಯದಿಂದ ಅಳೆಯುವುದು ಅನ್ಯಾಯವೆಂದು ನಾನು ಹೇಳಲು ಹೊರಟಾಗ ಅವರ ಮುಖ ನೋಡಿ ಬಾಯಿ ಮುಚ್ಚಿದೆ. ಅಷ್ಟರಲ್ಲಿ ರೇಡಿಯೋದ ಧ್ವನಿ ಆಳಕ್ಕಿಳಿದಂತೆ ಕ್ಷೀಣಿಸಿ, ಬರಿಯ ಸುಯ್ಯೆನ್ನುವ ಸದ್ದು ಉಳಿಯಿತು.

ಆ ಸದ್ದಿನ ನಡುವೆ ಅವರು ಹೇಳಿದರು. ಗಣಿಯಲ್ಲಿ ಒಮ್ಮೆ ವಿಷಾನಿಲವಿದೆಯೇ ಎಂದು ನೋಡಿಬರಲು ಒಬ್ಬ ಕೆಳಗಿಳಿಯಬೇಕಿತ್ತು. ಮೇಲ್ವಿಚಾರಕ ನಾಣ್ಯ ಚಿಮ್ಮಿದ. ಸ್ಟಾನ್ಲಿ ಗೆದ್ದರು. ಗೆಳೆಯ ಯಾನೆಕ್ ಇಳಿದ. ಕೆಳಗೆ ಬೆಂಕಿ ಹತ್ತಿತು. ಎರಡು ದಿನ ಯಾನೆಕ್ ಮೇಲಿನವರೆಗೆ ಬರುವ ಕೊಳವೆಯನ್ನು ಬಡಿದ. ಮೂರು ಸಲ ಬಡಿದು ನಿಲ್ಲಿಸುವನು, ಮತ್ತೆ ಮೂರು. ಕಲ್ಲಿದ್ದಲು ಸುಟ್ಟುಹೋಗುತ್ತದೆಂದು ಒಡೆಯರು ಗಣಿಯ ಬಾಯನ್ನು ಇಟ್ಟಿಗೆಯಿಂದ ಮುಚ್ಚಿಸಿದರು.

"ಬಡಿತ ನಿಂತ ಮೇಲೆ ಮುಚ್ಚಿದೆವು ಅಂತ ಬರೆದರು, ಮಿಸೆಸ್. ಇಟ್ಟಿಗೆ ಇಟ್ಟವನು ನಾನು. ನಿಂತಿರಲಿಲ್ಲ."

ಆಗ ಅಡುಗೆಮನೆಯ ಕೊಳವೆ ಸದ್ದು ಮಾಡಿತು. ಮೂರು ಸಲ. ಸ್ವಲ್ಪ ಬಿಡುವು. ಮತ್ತೆ ಮೂರು.

ನಾನು ಎದ್ದು ಹೋಗಿ ಕೊಳವೆಯನ್ನು ಮುಟ್ಟಿದೆ. ತಣ್ಣಗಿತ್ತು. ಅಂಗೈ ಕೆಳಗೆ ಮತ್ತೊಮ್ಮೆ ಮೂರು ಬಡಿತ ತಾಕಿದವು. ಕೈ ಹಿಂದೆ ತೆಗೆದುಕೊಂಡೆ.

"ಗೆದ್ದೆವು" ಎಂದರು ಸ್ಟಾನ್ಲಿ, ನೆಲವನ್ನೇ ನೋಡುತ್ತ. ನಿಮಿಷವೊಂದು ಕಳೆದು ರೇಡಿಯೋ ಮರಳಿತು. ಜನರ ಕೂಗು ಕೇಳಿಸಿತು. ಅವರ ತಂಡವೇ ಟಾಸ್ ಗೆದ್ದಿತ್ತು. ಬೀದಿಯಲ್ಲಿ ಬಾಗಿಲುಗಳು ತೆರೆದುಕೊಂಡವು, ಯಾರೋ ಕಾರಿನ ಹಾರ್ನ್ ಒತ್ತಿದರು. ಸ್ಟಾನ್ಲಿಯವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು. "ನಿಮ್ಮ ಗಂಡ ಈಗ ಎಲ್ಲಿದ್ದಾರೆ?"

ಬೆಳಗಿನ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ.

ಗಡಿಯಾರದಲ್ಲಿ ನಾಲ್ಕೂವರೆ. ಅವರ ಫೋನಿನಿಂದಲೇ ಕಾರ್ಖಾನೆಗೆ ಕರೆ ಮಾಡಿದೆ. ಹೆದರಿದ ಹೆಂಡತಿಯೊಬ್ಬಳ ಮಾತಿಗೆ ಅಲ್ಲಿ ಬೆಲೆಯಿಲ್ಲವೆಂದು ಗೊತ್ತಿತ್ತು. ಆದ್ದರಿಂದ ಜೀವನದಲ್ಲಿ ಮೊದಲ ಬಾರಿಗೆ ಪೂರ್ತಿ ಸುಳ್ಳು ಹೇಳಿದೆ. ನಾನು ರಾಜ್ಯದ ಕಾರ್ಮಿಕ ಕಚೇರಿಯವಳು, ನಮ್ಮ ಇನ್‌ಸ್ಪೆಕ್ಟರ್ ದಾರಿಯಲ್ಲಿದ್ದಾರೆ, ದೊಡ್ಡ ಪ್ರೆಸ್‌ಗೆ ಆಧಾರದ ಕಂಬಗಳಿಲ್ಲವೆಂದು ದೂರು ಬಂದಿದೆ ಎಂದೆ. ಆ ಕಡೆಯ ಗಂಡಸು ತಡವರಿಸಿ, ಇವೆಯಲ್ಲ, ಈಗಲೇ ನೋಡುತ್ತೇನೆ ಎಂದ.

ಆರು ಗಂಟೆಗೆ ರಂಗನಾಥ ಬಂದರು. ಕೋಟು ಬಿಚ್ಚದೆ ಮೆಟ್ಟಿಲ ಮೇಲೆಯೇ ಕೂತರು.

ಒಳಗೆ ಹೋಗಿದ್ದವನು ಕ್ಯಾಲ್ವಿನ್ ಎಂಬ ಕಪ್ಪು ಯುವಕ; ಇವರಿಗಿಂತ ಹೆಚ್ಚು ಅನುಭವವಿದ್ದರೂ ಇಂಜಿನಿಯರ್ ಎಂಬ ಹೆಸರನ್ನು ಅವನಿಗೆ ಕೊಟ್ಟಿರಲಿಲ್ಲ. ಅವನು ಬಾಗಿ ಅಳತೆ ತೆಗೆಯುತ್ತಿದ್ದಾಗ ಫೋರ್‌ಮನ್ ಓಡಿಬಂದು ಕಂಬಗಳನ್ನು ಸಿಕ್ಕಿಸಿದನಂತೆ. ಕೊನೆಯ ಕಂಬ ನಿಲ್ಲಿಸಿ ಐದು ನಿಮಿಷವಾಗಿರಲಿಲ್ಲ, ಮೇಲಿನ ಭಾಗ ತಾನಾಗಿಯೇ ಜಾರಿ ಕಂಬಗಳ ಮೇಲೆ ಕೂತಿತು. ಕ್ಯಾಲ್ವಿನ್‌ನ ಬೆನ್ನಿಗೂ ಅದಕ್ಕೂ ಒಂದು ಗೇಣು ಅಂತರ.

"ಯಾರೋ ಹೆಂಗಸು ಸ್ಟೇಟ್ ಆಫೀಸಿಂದ ಫೋನ್ ಮಾಡಿದ್ಲಂತೆ" ಎಂದು ನನ್ನನ್ನೇ ನೋಡಿದರು. ನಾನೇ ಎಂದು ತಲೆಯಾಡಿಸಿದೆ. ಕಂಬವಿಲ್ಲದೆ ಒಬ್ಬನನ್ನು ಒಳಗೆ ಕಳಿಸಿದಾಗ ನೀವೇಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನಾನು ಟಾಸ್ ಗೆದ್ದಿದ್ದೆ" ಎಂದರು.

ಕೊಳವೆಯ ವಿಷಯ ತಿಳಿಸಿದಾಗ, ಲೋಹ ತಣಿಯುವಾಗ ಸದ್ದು ಮಾಡುತ್ತದೆ ಎಂದು ವಿವರಿಸಿದರು. ಎಣಿಸಿಕೊಂಡು ಮಾಡುತ್ತದೆಯೇ ಎಂದೆ. ಮುಂದಿನ ವಾರ ಫೈನಲ್‌ನಲ್ಲಿ ಆ ತಂಡ ಇಂಗ್ಲೆಂಡಿನ ತಂಡಕ್ಕೆ ಸೋತಿತು. ಸ್ಟಾನ್ಲಿ ರೇಡಿಯೋ ಹಾಕಲಿಲ್ಲ.

ಟಾಸ್ ನಡೆದ ವಾರದ ಭಾನುವಾರವೇ ನಾನೂ ರಂಗನಾಥರೂ ಕ್ಯಾಲ್ವಿನ್ ಮನೆಗೆ ಹೋದೆವು. ಅವನ ತಾಯಿ ನನ್ನ ಕೈ ಹಿಡಿದು, ದೇವರೇ ನಿನ್ನಿಂದ ಫೋನ್ ಮಾಡಿಸಿದ ಎಂದರು. ಆ ಕೃತಜ್ಞತೆಯನ್ನು ಸುಮ್ಮನೆ ಸ್ವೀಕರಿಸುವುದು ಇನ್ನೊಂದು ಸುಳ್ಳಾಗುತ್ತಿತ್ತು. ನಾನು ನನ್ನ ಗಂಡನಿಗಾಗಿ ಫೋನ್ ಮಾಡಿದೆ, ಒಳಗೆ ನಿಮ್ಮ ಮಗನಿರಬಹುದೆಂದು ಯೋಚಿಸಲೇ ಇಲ್ಲ ಎಂದೆ.

ಕ್ಯಾಲ್ವಿನ್ ಕೋಪಗೊಳ್ಳಲಿಲ್ಲ. "ನಿಮಗೆ ಗೊತ್ತಿರಲಿಲ್ಲ, ಮಿಸೆಸ್" ಎಂದ. ಆಮೇಲೆ ರಂಗನಾಥರತ್ತ ತಿರುಗಿ, "ಇವರಿಗೆ ಗೊತ್ತಿತ್ತು" ಎಂದ.

ರಂಗನಾಥ ಕಾಫಿ ಲೋಟವನ್ನು ಕೆಳಗಿಟ್ಟರು. ಹೌದು ಎಂದರು. ಮರುದಿನ ಕ್ಯಾಲ್ವಿನ್ ಆಡಳಿತಕ್ಕೆ ಬರೆದ ದೂರಿಗೆ ಎರಡನೆಯ ಸಹಿ ಇವರದು. ರಂಗನಾಥರ ಕೆಲಸವೂ ಹೋಗಲಿಲ್ಲ, ನಮ್ಮ ವೀಸಾವೂ ಹೋಗಲಿಲ್ಲ.

ಮುಂದೆ ಹಲವು ವರ್ಷ ಕಾರ್ಮಿಕರ ಸುರಕ್ಷತೆಗಾಗಿ ಶಿಕಾಗೊವರೆಗೂ ಹೋಗಿ ಮಾತನಾಡಿದ್ದೇನೆ. ಒಡೆಯರ ತಪ್ಪುಗಳನ್ನು, ಸರ್ಕಾರದ ತಪ್ಪುಗಳನ್ನು ಹೆಸರಿಟ್ಟು ಹೇಳಿದ್ದೇನೆ. ನಮ್ಮ ಮನೆಯದನ್ನು ಮಾತ್ರ ಎಲ್ಲೂ ಹೇಳಿರಲಿಲ್ಲ. ಈ ಬರಹವನ್ನು ರಂಗನಾಥರಿಗೆ ಓದಲು ಕೊಟ್ಟು, ನಿಮ್ಮ ಹೆಸರು ಬದಲಾಯಿಸಲೇ ಎಂದು ಕೇಳಿದೆ. ಕನ್ನಡಕ ತೆಗೆದಿಟ್ಟು, "ಬೇಡ, ಹಾಗೇ ಇರ್ಲಿ" ಎಂದರು.